ನನ್ನ ಎಂಪಿ ಸಚಿವರಿಗೆ ಪ್ರಶ್ನೆ ಹಾಕಿದರು, ಬಂದದ್ದು ಎರಡು ಸಾಲು. ಇದರಿಂದ ಏನಾದರೂ ಪ್ರಯೋಜನ ಇದೆಯಾ?

ರಾತ್ರಿಪಾಳಿ · ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿದ್ದೆ ಅಷ್ಟೇ, ಬರೆಯುವುದು ಇದೇ ಮೊದಲು.

2023ರಲ್ಲಿ ಕೇರ್ ವರ್ಕರ್ ವೀಸಾದಲ್ಲಿ ಯುಕೆಗೆ ಬಂದೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನನ್ನನ್ನು ಕರೆಸಿಕೊಂಡ ಕಂಪನಿಯ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸರ್ಕಾರ ಕೊಡುವ ಪರವಾನಗಿ, ರದ್ದಾಯಿತು. ತಪ್ಪು ಮಾಡಿದ್ದು ಅವರು, ಮೂಟೆ ಕಟ್ಟುವ ಭಯ ನನಗೆ. ವೀಸಾ ಮೊಟಕು ಮಾಡಿದ ಪತ್ರ ಬಂದರೆ ಆಮೇಲೆ 60 ದಿನ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಸಿಗಬೇಕು. ನನಗೆ ಆ ಪತ್ರ ಇನ್ನೂ ಬಂದಿಲ್ಲ, ಆದರೆ ದಿನಾ ಅಂಚೆಯವನ ಹೆಜ್ಜೆ ಸದ್ದು ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಗೆಳತಿಯೊಬ್ಬಳು ಹೇಳಿದಳು ಅಂತ ನಮ್ಮ ಕ್ಷೇತ್ರದ ಎಂಪಿಗೆ ಮೇಲ್ ಬರೆದೆ. ಅವರು ಪಾರ್ಲಿಮೆಂಟಿನಲ್ಲಿ ಲಿಖಿತ ಪ್ರಶ್ನೆ ಹಾಕಿದರು. ಹೀಗೆ ಸ್ಪಾನ್ಸರ್ ಕಳೆದುಕೊಂಡ ಕೇರ್ ವರ್ಕರ್‌ಗಳಿಗೆ ನೆರವಾಗಲು ಸರ್ಕಾರ ಏನು ಮಾಡುತ್ತಿದೆ, ಅವರಲ್ಲಿ ಎಷ್ಟು ಜನಕ್ಕೆ ಮತ್ತೆ ಕೆಲಸ ಸಿಕ್ಕಿದೆ ಅಂತ. ಉತ್ತರ ಬಂತು. ಮೊದಲ ಸಾಲು, ಶೋಷಣೆಯನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಂಡಿದೆ. ಎರಡನೇ ಸಾಲು, ಕೇಳಿದ ಮಾಹಿತಿ ಪ್ರಕಟಿತ ಅಂಕಿಅಂಶಗಳಲ್ಲಿ ಇಲ್ಲ. ಮುಗಿಯಿತು.

ಓದಿ ಅಳು ಬಂತು. ಇದಕ್ಕಾಗಿ ಇಷ್ಟೆಲ್ಲಾ ಕಷ್ಟಪಡಬೇಕಿತ್ತಾ?

ಮಂಜುಮುಸುಕು · ಸೋಮವಾರ, ರಾತ್ರಿ 11:58

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದು ಸುಮ್ನೆ ನಾಟಕ. ಎಂಪಿ ತಾನು ಕೇಳಿದೆ ಅಂತ ಪೋಸ್ಟ್ ಹಾಕುತ್ತಾರೆ. ಸಚಿವರು ತಾವು ಉತ್ತರಿಸಿದೆ ಅನ್ನುತ್ತಾರೆ. ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇನೆ. ಕನಿಷ್ಠ ಸಂಬಳ 26,200 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 38,700 ಆಯಿತು, 2025ರ ಜುಲೈನಲ್ಲಿ 41,700. ಯಾರ ಪ್ರಶ್ನೆ ಇದನ್ನು ತಡೆಯಿತು ಹೇಳಿ?

ಹಳೇಗುಮಾಸ್ತ · ಮಂಗಳವಾರ, ಬೆಳಿಗ್ಗೆ 7:15

ಕೆಲವು ವರ್ಷ ಒಬ್ಬ ಎಂಪಿಯ ಕಚೇರಿಯಲ್ಲಿ ಜನರ ಕಡತ ನೋಡುವ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮಂಜುಮುಸುಕು ಅವರೇ, ನೀವು ಹೇಳಿದ ಸಂಬಳದ ಉದಾಹರಣೆಯಲ್ಲೇ ಉತ್ತರ ಇದೆ. ಆ ಏರಿಕೆಗೆ ಮತದಾನ ನಡೆದದ್ದು ನೆನಪಿದೆಯಾ? ನಡೆಯಲೇ ಇಲ್ಲ. ಇಲ್ಲಿ ವಲಸೆ ನಿಯಮ ಬದಲಾಗುವ ರೀತಿಯೇ ಹಾಗೆ. 1971ರ ಇಮಿಗ್ರೇಷನ್ ಆ್ಯಕ್ಟ್ ಪ್ರಕಾರ ಗೃಹ ಸಚಿವರು ಬದಲಾವಣೆಗಳ ಪಟ್ಟಿಯನ್ನು ಸದನದ ಮುಂದೆ ಇಡುತ್ತಾರೆ. 40 ದಿನದೊಳಗೆ ಯಾವುದಾದರೂ ಒಂದು ಸದನ ಬೇಡ ಅಂತ ನಿರ್ಣಯ ಮಾಡಿದರೆ ಮಾತ್ರ ಅದನ್ನು ಬದಲಿಸಬೇಕು. ಮಧ್ಯೆ ಒಂದು ಸಾಲು ತಿದ್ದುವ ಹಾಗಿಲ್ಲ. ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಕರೆಸುವ ಬಾಗಿಲು ಮುಚ್ಚಿದ ನಿಯಮ 2025ರ ಜುಲೈ 1ರಂದು ಸದನಕ್ಕೆ ಬಂತು, ಜುಲೈ 22ಕ್ಕೆ ಜಾರಿಯಾಯಿತು. 21 ದಿನ. ಮನೆ ಬಾಡಿಗೆ ಕರಾರಿನ ನೋಟಿಸ್ ಇದಕ್ಕಿಂತ ಉದ್ದ ಇರುತ್ತದೆ.

ಅಂದರೆ ವಲಸೆ ವಿಷಯದಲ್ಲಿ ಸಾಮಾನ್ಯ ಎಂಪಿಯ ಕೈಯಲ್ಲಿ ಮತ ಇಲ್ಲ, ತಿದ್ದುಪಡಿ ಇಲ್ಲ. ಉಳಿಯುವುದು ಪ್ರಶ್ನೆ. ಅದನ್ನೂ ಸರಿಯಾಗಿ ಬಳಸದಿದ್ದರೆ ಏನೂ ಇಲ್ಲ.

ಈಗ ರಾತ್ರಿಪಾಳಿ ಅವರ ವಿಷಯ. ತಂಗಿ, ನಿಮ್ಮ ಎಂಪಿ ಒಳ್ಳೆಯವರೇ ಇರಬೇಕು. ಆದರೆ ಪ್ರಶ್ನೆ ಸಡಿಲವಾಗಿತ್ತು. "ಸರ್ಕಾರ ಏನು ಮಾಡುತ್ತಿದೆ" ಅಂತ ಕೇಳಿದರೆ ಸಚಿವರಿಗೆ ಅದು ಪ್ರಶ್ನೆಯಲ್ಲ, ಮೈಕು. ಮತ್ತೆ ಆ ಎರಡನೇ ಸಾಲನ್ನು ಇನ್ನೊಮ್ಮೆ ಓದಿ. ಮಾಹಿತಿ "ಪ್ರಕಟಿತ ಅಂಕಿಅಂಶಗಳಲ್ಲಿ ಇಲ್ಲ" ಅಂದಿದ್ದಾರೆ. "ನಮ್ಮ ಹತ್ತಿರ ಇಲ್ಲ" ಅಂದಿಲ್ಲ. ಇವೆರಡೂ ಬೇರೆ ಬೇರೆ.

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 8:05

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ ಸರ್. ಆ ಸಾಲನ್ನು ಹತ್ತು ಸಲ ಓದಿದ್ದೆ. ನೀವು ಹೇಳಿದ ಮೇಲೆ ಹನ್ನೊಂದನೇ ಸಲ ಓದಿದೆ. ಹೌದಲ್ವಾ! ಹಾಗಾದರೆ ಮತ್ತೆ ಕೇಳಬಹುದಾ? ಒಂದೇ ವಿಷಯ ಎರಡು ಸಲ ಕೇಳಿದರೆ ಸಿಟ್ಟಾಗುವುದಿಲ್ಲವಾ?

ದೂರದನೋಟ · ಮಂಗಳವಾರ, ಬೆಳಿಗ್ಗೆ 9:30

ನಮ್ಮ ಲೋಕಸಭೆಯ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಇದ್ದ ಹಾಗೆ ಅಲ್ಲೂ ಇದೆಯಾ? ಎಷ್ಟು ದಿನದಲ್ಲಿ ಉತ್ತರ ಕೊಡಬೇಕು?

ಸಾಲುಮನೆ · ಮಂಗಳವಾರ, ಬೆಳಿಗ್ಗೆ 9:52

ಮೂರು ದಿನದಲ್ಲಿ ಸಚಿವರು ಉತ್ತರಿಸಲೇಬೇಕು, ಇಲ್ಲದಿದ್ದರೆ ಸ್ಪೀಕರ್ ಕ್ರಮ ತೆಗೆದುಕೊಳ್ಳುತ್ತಾರೆ. ಕಾಲೇಜಿನಲ್ಲಿ ಓದಿದ ನೆನಪು.

ಹಳೇಗುಮಾಸ್ತ · ಮಂಗಳವಾರ, ಮಧ್ಯಾಹ್ನ 12:40

ಸಾಲುಮನೆ, ಅರ್ಧ ಸರಿ.

ಲಿಖಿತ ಪ್ರಶ್ನೆಯಲ್ಲಿ ಎರಡು ಬಗೆ. ಒಂದು ಸಾಮಾನ್ಯ ಪ್ರಶ್ನೆ, ಒಂದು ವಾರದೊಳಗೆ ಉತ್ತರ ಬರಬೇಕು ಅನ್ನುವುದು ರೂಢಿ. ಇನ್ನೊಂದು ದಿನ ಗೊತ್ತುಮಾಡಿದ ಪ್ರಶ್ನೆ. ಇಂಥ ದಿನ ಉತ್ತರ ಬೇಕು ಅಂತ ಎಂಪಿಯೇ ಬರೆಯುತ್ತಾರೆ. ಇಂಥವನ್ನು ದಿನಕ್ಕೆ ಐದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆ ದಿನ ಪೂರ್ತಿ ಉತ್ತರ ಸಿದ್ಧ ಇಲ್ಲದಿದ್ದರೆ "ಸಾಧ್ಯವಾದಷ್ಟು ಬೇಗ ಉತ್ತರಿಸುತ್ತೇನೆ" ಅಂತ ಒಂದು ಸಾಲು ಬರುತ್ತದೆ. ತಡ ಮಾಡಿದರೆ ಸ್ಪೀಕರ್ ಬೆತ್ತ ಹಿಡಿದು ಬರುವುದಿಲ್ಲ. ಯಾವ ಇಲಾಖೆ ಎಷ್ಟು ತಡ ಮಾಡುತ್ತದೆ ಅಂತ ಒಂದು ಸಮಿತಿ ಲೆಕ್ಕ ಇಡುತ್ತದೆ, ಅಷ್ಟೇ. ಮೇಲ್ಮನೆಯಲ್ಲಿ 10 ಕೆಲಸದ ದಿನ.

ಬಾಯಿಮಾತಿನ ಪ್ರಶ್ನೆ ಬೇರೆ. ಗೃಹ ಇಲಾಖೆಯ ಸರದಿ ಸುಮಾರು ಐದು ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ. ಕೇಳುವ ಆಸೆ ಇರುವವರೆಲ್ಲ ಹೆಸರು ಕೊಡುತ್ತಾರೆ, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅಲ್ಲಿ ಅಚ್ಚಾದ ಪ್ರಶ್ನೆ ನೆಪ ಮಾತ್ರ, ಅದಕ್ಕೆ ಬರೆದ ಉತ್ತರ ಓದುತ್ತಾರೆ. ನಿಜವಾದ ಪ್ರಶ್ನೆ ಅದಾದ ಮೇಲಿನ ಉಪಪ್ರಶ್ನೆ. ಅದು ಏನು ಅಂತ ಸಚಿವರಿಗೆ ಮೊದಲೇ ಗೊತ್ತಿರುವುದಿಲ್ಲ. ಒಳ್ಳೆಯ ಎಂಪಿ ಮೊದಲ ಪ್ರಶ್ನೆಯನ್ನು ಹಾಲಿನಷ್ಟು ಸಪ್ಪೆ ಇಡುತ್ತಾರೆ. ಎರಡನೆಯದರಲ್ಲಿ ಕಾರ.

ಮತ್ತೆ ಕೇಳುವ ವಿಷಯ. ಅದೇ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಹಾಗೇ ಕೇಳಲು ಬಿಡುವುದಿಲ್ಲ. ಆದರೆ "ಇಂಥ ದಿನ ಕೊಟ್ಟ ಉತ್ತರದ ಮುಂದುವರಿಕೆಯಾಗಿ" ಅಂತ ಶುರುಮಾಡಿ ಮುಂದಿನ ಹೆಜ್ಜೆ ಕೇಳಬಹುದು. ಕಚೇರಿಯಲ್ಲಿ ನಾವು ಇದಕ್ಕೆ ಬಾಲ ಹಿಡಿಯುವುದು ಅನ್ನುತ್ತಿದ್ದೆವು.

ಔಷಧಿಡಬ್ಬಿ · ಮಂಗಳವಾರ, ಸಂಜೆ 6:20

ಹಳೇಗುಮಾಸ್ತರು ಹೇಳಿದ ಬಾಲ ಹಿಡಿಯುವ ಕೆಲಸ ನಾನು ನೋಡಿದ್ದು ಡ್ರಗ್ಸ್ ಕಾನೂನಿನಲ್ಲಿ. ನಾನು ಫಾರ್ಮಸಿಸ್ಟ್, ಹಾಗಾಗಿ ಆ ಕಡೆಯ ಪ್ರಶ್ನೋತ್ತರ ಓದುವ ಚಟ.

ಪಾಲ್ ಫ್ಲಿನ್ ಅಂತ ಒಬ್ಬ ಎಂಪಿ ಇದ್ದರು, ವೇಲ್ಸ್‌ನ ನ್ಯೂಪೋರ್ಟ್ ವೆಸ್ಟ್ ಕ್ಷೇತ್ರದವರು. 1987ರಿಂದ 2019ರಲ್ಲಿ ತೀರಿಕೊಳ್ಳುವವರೆಗೂ ಸದನದಲ್ಲಿದ್ದರು. ಡ್ರಗ್ಸ್ ಕಾನೂನಿನ ಬಗ್ಗೆ ಅವರು ಸಚಿವರನ್ನು ಬಿಟ್ಟದ್ದೇ ಇಲ್ಲ. ಪಕ್ಷ ಯಾವುದಿರಲಿ, ಗೃಹ ಸಚಿವರು ಯಾರೇ ಬರಲಿ, ಇವರು ಎದ್ದು ನಿಲ್ಲುತ್ತಿದ್ದರು. 2017ರ ಅಕ್ಟೋಬರ್‌ನಲ್ಲಿ ಗಾಂಜಾವನ್ನು ಔಷಧಿಯಾಗಿ ಬಳಸಲು ಬಿಡಿ ಅಂತ ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ. ಆದರೆ ಮರುವರ್ಷ ಅಪಸ್ಮಾರ ಇದ್ದ ಮಕ್ಕಳ ತಾಯಂದಿರು ದೊಡ್ಡ ಸದ್ದು ಮಾಡಿದರು. 2018ರ ನವೆಂಬರ್ 1ರಿಂದ ತಜ್ಞ ವೈದ್ಯರು ಅದನ್ನು ಬರೆದುಕೊಡಬಹುದು ಅಂತ ನಿಯಮ ಬದಲಾಯಿತು. ಆ ದಿನ ನೋಡಲು ಫ್ಲಿನ್ ಬದುಕಿದ್ದರು.

ಹಾಗಂತ ಕಥೆ ಸುಖಾಂತ್ಯ ಅಲ್ಲ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇವತ್ತಿಗೂ ಅದು ಬಹಳ ಕಡಿಮೆ ಜನಕ್ಕೆ ಸಿಗುತ್ತದೆ. ಜಾಸ್ತಿ ಜನ ಖಾಸಗಿ ಕ್ಲಿನಿಕ್‌ಗೆ ದುಡ್ಡು ಸುರಿಯುತ್ತಾರೆ. ಯಾಕೆ ಹೀಗೆ ಅಂತ ಕೇಳುವ ಎಂಪಿಗಳ ಪಾಡು ನೋಡಬೇಕು. ಗೃಹ ಇಲಾಖೆಗೆ ಕೇಳಿದರೆ ಚೀಟಿ ಬರೆಯುವುದು ವೈದ್ಯರ ವಿಷಯ, ಆರೋಗ್ಯ ಇಲಾಖೆಯನ್ನು ಕೇಳಿ. ಆರೋಗ್ಯ ಇಲಾಖೆಗೆ ಕೇಳಿದರೆ ವಸ್ತುವಿನ ವರ್ಗೀಕರಣ ಗೃಹ ಇಲಾಖೆಯದು. ಅತ್ತೆ ಮನೆಗೂ ತವರಿಗೂ ಓಡಾಡಿಸಿದ ಹಾಗೆ.

ಮಂಜುಮುಸುಕು · ಮಂಗಳವಾರ, ಸಂಜೆ 7:02

ನೋಡಿ, ನೀವೇ ನನ್ನ ಮಾತು ಹೇಳಿದಿರಿ. ಮೂವತ್ತು ವರ್ಷ ಕೇಳಿದರು, ಕಾನೂನು ಬದಲಾದದ್ದು ತಾಯಂದಿರು ಟಿವಿಗೆ ಬಂದ ಮೇಲೆ.

ಔಷಧಿಡಬ್ಬಿ · ಮಂಗಳವಾರ, ಸಂಜೆ 7:31

ನಿಜ, ಆ ಮಾತು ಒಪ್ಪುತ್ತೇನೆ. ಆದರೆ ತಾಯಂದಿರು ಬಾಗಿಲು ಬಡಿದಾಗ ಒಳಗೆ ಹಳೆಯ ಉತ್ತರಗಳ ರಾಶಿಯೇ ಇತ್ತು. ಯಾವ ಸಚಿವರು ಯಾವ ವರ್ಷ ಏನು ಹೇಳಿದ್ದರು ಅಂತ ತೋರಿಸಲು ಆಗುತ್ತಿತ್ತು. ಪತ್ರಕರ್ತರು, ವಕೀಲರು ಮೊದಲು ಹುಡುಕುವುದು ಅದನ್ನೇ.

ಇನ್ನೊಂದು ವ್ಯತ್ಯಾಸ ಹೇಳುತ್ತೇನೆ, ಗುಮಾಸ್ತರ ಮಾತಿಗೆ ಸೇರಿಸಿಕೊಳ್ಳಿ. ವಲಸೆ ನಿಯಮಕ್ಕೆ ಮತ ಬೇಕಿಲ್ಲ ಅಂದರಲ್ಲ, ಡ್ರಗ್ಸ್ ಪಟ್ಟಿ ತದ್ವಿರುದ್ಧ. 1971ರ ಮಿಸ್ಯೂಸ್ ಆಫ್ ಡ್ರಗ್ಸ್ ಆ್ಯಕ್ಟ್‌ನಲ್ಲಿ ಎ, ಬಿ, ಸಿ ಅಂತ ಮೂರು ವರ್ಗ. ಒಂದು ವಸ್ತುವನ್ನು ಸೇರಿಸಲು, ತೆಗೆಯಲು, ವರ್ಗ ಬದಲಿಸಲು ಎರಡೂ ಸದನ ಒಪ್ಪಿಗೆ ಕೊಡಬೇಕು. ಅದಕ್ಕೂ ಮೊದಲು ತಜ್ಞರ ಸಲಹಾ ಮಂಡಳಿಯನ್ನು ಕೇಳಲೇಬೇಕು. ತಮಾಷೆ ನೋಡಿ, ಎರಡೂ ಒಂದೇ ವರ್ಷದ ಕಾನೂನು, ಎರಡೂ ಒಂದೇ ಸಚಿವರ ಮೇಜಿನ ಮೇಲೆ. ಒಂದು ಪುಡಿಯನ್ನು ನಿಷೇಧಿಸಲು ಎರಡು ಸದನ ಕೈ ಎತ್ತಬೇಕು. ಸಾವಿರಾರು ಮನುಷ್ಯರ ವೀಸಾ ಷರತ್ತು ಬದಲಿಸಲು ಮೇಜಿನ ಮೇಲೆ ಕಾಗದ ಇಟ್ಟರೆ ಸಾಕು.

ಹಳೇಗುಮಾಸ್ತ · ಮಂಗಳವಾರ, ರಾತ್ರಿ 8:10

ಇದನ್ನು ನಾನು ಈ ಕೋನದಿಂದ ನೋಡಿರಲಿಲ್ಲ. ಸರಿಯಾಗಿ ಹೇಳಿದಿರಿ.

ಆದರೆ ತಜ್ಞರನ್ನು ಕೇಳಲೇಬೇಕು ಅಂದಿರಿ. ಅವರ ಮಾತು ಕೇಳಿಸಿಕೊಳ್ಳಬೇಕು ಅಷ್ಟೇ, ಪಾಲಿಸಬೇಕಿಲ್ಲ ಅಲ್ವಾ?

ಔಷಧಿಡಬ್ಬಿ · ಮಂಗಳವಾರ, ರಾತ್ರಿ 8:45

ಅದೇ ನೋಡಿ ಮಜಾ. ಖಾತ್ ಎಲೆ ನೆನಪಿದೆಯಾ? ಸೊಮಾಲಿ, ಯೆಮೆನಿ ಹಿರಿಯರು ಜಗಿಯುವುದು. ನಿಷೇಧ ಬೇಡ ಅಂತ 2013ರ ಜನವರಿಯಲ್ಲಿ ಮಂಡಳಿ ಹೇಳಿತು. 2014ರ ಜೂನ್‌ನಲ್ಲಿ ಸಿ ವರ್ಗಕ್ಕೆ ಸೇರಿಸಿದರು. ಪಾರ್ಟಿಗಳಲ್ಲಿ ಬಲೂನಿನಿಂದ ಎಳೆಯುವ ನಗೆ ಅನಿಲವನ್ನು ಈ ಕಾನೂನಿನ ಕೆಳಗೆ ತರಬೇಡಿ ಅಂತ 2023ರ ಮಾರ್ಚ್‌ನಲ್ಲಿ ಹೇಳಿತು. ಅದೇ ನವೆಂಬರ್‌ನಲ್ಲಿ ತಂದರು. ಗಾಂಜಾವಂತೂ 2004ರಲ್ಲಿ ಬಿಯಿಂದ ಸಿಗೆ ಇಳಿಯಿತು, 2009ರಲ್ಲಿ ಮಂಡಳಿಯ ಮಾತು ಮೀರಿ ಸಿಯಿಂದ ಬಿಗೆ ಮರಳಿ ಹತ್ತಿತು. ಆ ವರ್ಷವೇ ಮಂಡಳಿಯ ಅಧ್ಯಕ್ಷ ಡೇವಿಡ್ ನಟ್ ಸರ್ಕಾರದ ನೀತಿಯನ್ನು ಟೀಕಿಸಿದರು ಅಂತ ಗೃಹ ಸಚಿವ ಅಲನ್ ಜಾನ್ಸನ್ ಅವರನ್ನು ತೆಗೆದೇ ಹಾಕಿದರು.

ಇಲ್ಲಿ ಪ್ರಶ್ನೆಗಳಿಂದ ಆಗುವ ಉಪಕಾರ ಒಂದೇ. ನೀವು ತಜ್ಞರ ಸಲಹೆ ಮೀರಿದ್ದೀರಾ, ಯಾವ ಕಾರಣಕ್ಕೆ ಅಂತ ಸಚಿವರ ಕೈಯಲ್ಲೇ ಬರೆಸಿಕೊಳ್ಳುವುದು.

ಸಾಲುಮನೆ · ಮಂಗಳವಾರ, ರಾತ್ರಿ 9:20

ಒಂದು ಪ್ರಶ್ನೆ, ನಗಬೇಡಿ. ಇಲ್ಲಿ ಗಾಂಜಾ ಬಹುತೇಕ ಓಕೆ ಅಲ್ವಾ? ಬಸ್ ಸ್ಟಾಪಿನಲ್ಲಿ ನಿಂತರೂ ವಾಸನೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ.

ಔಷಧಿಡಬ್ಬಿ · ಮಂಗಳವಾರ, ರಾತ್ರಿ 9:34

ಅಲ್ಲವೇ ಅಲ್ಲ ಮರಿ. ಬಿ ವರ್ಗ. ಕೈಯಲ್ಲಿ ಇಟ್ಟುಕೊಂಡರೆ ಗರಿಷ್ಠ 5 ವರ್ಷ, ಬೇರೆಯವರಿಗೆ ಕೊಟ್ಟರೆ 14. ಗೆಳೆಯನಿಗೆ ಸುಮ್ನೆ ಹಂಚಿಕೊಂಡರೂ ಕಾನೂನಿನ ಕಣ್ಣಲ್ಲಿ ಅದು ಕೊಟ್ಟ ಹಾಗೆಯೇ. ಇಲ್ಲಿಯ ಹುಡುಗ ಸಿಕ್ಕಿಬಿದ್ದರೆ ಪೊಲೀಸರು ಎಚ್ಚರಿಕೆ ಕೊಟ್ಟು ಬಿಡಬಹುದು, ಅವನು ಮನೆಗೆ ಹೋಗಿ ಮಲಗುತ್ತಾನೆ. ನಿನಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಪೊಲೀಸ್ ಕಾಶನ್ (ದಾಖಲೆಯಲ್ಲಿ ಉಳಿಯುವ ಎಚ್ಚರಿಕೆ) ಇದ್ದರೂ ಮುಂದಿನ ವೀಸಾ ಅರ್ಜಿಯಲ್ಲಿ ಹೇಳಬೇಕು. ಮುಚ್ಚಿಟ್ಟರೆ ಅದು ಇನ್ನೂ ದೊಡ್ಡ ತಪ್ಪು.

ಹಳೇಗುಮಾಸ್ತ · ಮಂಗಳವಾರ, ರಾತ್ರಿ 9:50

12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದರೆ 2007ರ ಯುಕೆ ಬಾರ್ಡರ್ಸ್ ಆ್ಯಕ್ಟ್ ಪ್ರಕಾರ ಗಡೀಪಾರು ಆದೇಶ ಹೊರಡಿಸುವುದು ಸಚಿವರ ಕರ್ತವ್ಯ. ಕೆಲವು ವಿನಾಯಿತಿ ಇವೆ, ನಂಬಿ ಕೂರುವಂಥವಲ್ಲ. ಡ್ರಗ್ಸ್ ಮತ್ತು ವಲಸೆ ಎರಡೂ ಕೂಡುವ ಜಾಗ ಇದು. ಸದನದಲ್ಲಿ ಇದರ ಮೇಲೆ ಬರುವಷ್ಟು ಪ್ರಶ್ನೆ ಬೇರೆ ಯಾವುದರ ಮೇಲೂ ಬರುವುದಿಲ್ಲ ಅನ್ನಿಸುತ್ತದೆ ನನಗೆ.

ಮಂಜುಮುಸುಕು · ಮಂಗಳವಾರ, ರಾತ್ರಿ 10:15

ಡ್ರಗ್ಸ್ ಮಾರಿದವರನ್ನು ಕಳಿಸಲಿ ಬಿಡಿ, ಅದರಲ್ಲಿ ತಪ್ಪೇನು? ಅವರಿಂದಾಗಿ ನಮ್ಮೆಲ್ಲರ ಹೆಸರು ಹಾಳು.

ದೂರದನೋಟ · ಮಂಗಳವಾರ, ರಾತ್ರಿ 10:40

ಹಾಗೆ ಒಂದೇ ಏಟಿಗೆ ಹೇಳಬೇಡಿ. ನಾಲ್ಕು ವರ್ಷದ ಮಗುವಾಗಿ ಬಂದು ಅಲ್ಲೇ ಬೆಳೆದವನನ್ನು ಅವನು ನೋಡದೇ ಇರುವ ದೇಶಕ್ಕೆ ಕಳಿಸುವುದು, ಮೊನ್ನೆ ಬಂದು ಗ್ಯಾಂಗ್ ಕಟ್ಟಿದವನನ್ನು ಕಳಿಸುವುದು ಒಂದೇನಾ? ಎಷ್ಟು ಜನರನ್ನು ಕಳಿಸಿದಿರಿ ಅಂತ ಮಾತ್ರ ಕೇಳಿದರೆ ಇಬ್ಬರೂ ಒಂದೇ ಸಂಖ್ಯೆಯೊಳಗೆ ಕೂರುತ್ತಾರೆ.

ಮಂಜುಮುಸುಕು · ಮಂಗಳವಾರ, ರಾತ್ರಿ 10:52

ಇಲ್ಲಿ ತೆರಿಗೆ ಕಟ್ಟುವವರು ನಾವು. ಅಲ್ಲಿ ಕೂತು ಉಪದೇಶ ಮಾಡುವುದು ಸುಲಭ.

ಚಾವಡಿಕಾವಲು (ನಿರ್ವಾಹಕ) · ಮಂಗಳವಾರ, ರಾತ್ರಿ 11:05

ಇಬ್ಬರೂ ಒಂದು ಗುಟುಕು ನೀರು ಕುಡಿಯಿರಿ. ಮೂರು ಕಾಮೆಂಟ್ ತೆಗೆದಿದ್ದೇನೆ. ರಾತ್ರಿಪಾಳಿ ಅವರ ಪ್ರಶ್ನೆಗೆ ಮರಳೋಣ.

ಹಳೇಗುಮಾಸ್ತ · ಬುಧವಾರ, ಬೆಳಿಗ್ಗೆ 6:50

ದೂರದನೋಟ ಅವರು ಜಗಳದ ಮಧ್ಯೆ ಒಂದು ಕೆಲಸದ ಮಾತು ಹೇಳಿದ್ದಾರೆ. ಸಂಖ್ಯೆ ಕೇಳುವಾಗ ಅದನ್ನು ಸೀಳಿ ಕೇಳಬೇಕು. ಇಷ್ಟು ಜನ ಅನ್ನುವುದರ ಒಳಗೆ ಯಾರಿದ್ದಾರೆ ಅಂತ ಕಾಣಬೇಕು.

ಸಣ್ಣ ಪ್ರಶ್ನೆ ಏನು ಮಾಡಬಲ್ಲದು ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ 2018ರದು. ವಿಂಡ್‌ರಶ್ ಪ್ರಕರಣ ಉರಿಯುತ್ತಿತ್ತು. ದಶಕಗಳ ಹಿಂದೆ ಕೆರಿಬಿಯನ್‌ನಿಂದ ಕಾನೂನುಬದ್ಧವಾಗಿ ಬಂದವರನ್ನು ಕಾಗದ ಇಲ್ಲ ಅಂತ ಕೆಲಸದಿಂದ, ಮನೆಯಿಂದ ಹೊರಹಾಕಿದ್ದರು. ಕೆಲವರನ್ನು ದೇಶದಿಂದಲೇ. ಏಪ್ರಿಲ್ 16ರಂದು ಎಂಪಿ ಡೇವಿಡ್ ಲ್ಯಾಮಿ ತುರ್ತು ಪ್ರಶ್ನೆ ತಂದು ಗುಡುಗಿದರು, ಆ ವಿಡಿಯೋ ಎಲ್ಲರೂ ನೋಡಿದ್ದೀರಿ. ಆದರೆ ಸಚಿವರ ಕುರ್ಚಿ ಅಲುಗಿದ್ದು ಆ ಗುಡುಗಿಗಲ್ಲ. ಏಪ್ರಿಲ್ 25ರಂದು ಪಾರ್ಲಿಮೆಂಟಿನ ಗೃಹ ವ್ಯವಹಾರ ಸಮಿತಿಯಲ್ಲಿ ಕೇಳಿದ ಒಣ ಪ್ರಶ್ನೆಗೆ. ಜನರನ್ನು ಹೊರಕಳಿಸಲು ಇಷ್ಟು ಅಂತ ಗುರಿ ಇಟ್ಟಿದ್ದೀರಾ? ಇಲ್ಲ ಅಂದರು ಗೃಹ ಸಚಿವೆ ಆ್ಯಂಬರ್ ರಡ್. ಅದೇ ದಿನ ಅದೇ ಸಮಿತಿಯ ಮುಂದೆ ಸಿಬ್ಬಂದಿ ಸಂಘದವರು ಗುರಿ ಇದೆ ಅಂದಿದ್ದರು. ಮರುದಿನ ಸದನದಲ್ಲಿ ಸ್ಥಳೀಯ ಮಟ್ಟದ ಗುರಿಗಳು ಇದ್ದವು ಅಂತ ಒಪ್ಪಬೇಕಾಯಿತು. ಆಮೇಲೆ ಇಲಾಖೆಯ ಕಾಗದಗಳು ಪತ್ರಿಕೆಗೆ ಸೋರಿದವು. ಏಪ್ರಿಲ್ 29ರಂದು ರಾಜೀನಾಮೆ, ಅರಿಯದೆ ಸಮಿತಿಯನ್ನು ದಾರಿ ತಪ್ಪಿಸಿದೆ ಅಂತ.

ನೀತಿ ಕ್ರೂರವಾಗಿತ್ತು ಅನ್ನುವುದಕ್ಕೆ ಯಾರೂ ಕುರ್ಚಿ ಬಿಡಲಿಲ್ಲ. ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟದ್ದಕ್ಕೆ ಬಿಡಬೇಕಾಯಿತು. ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಕೂಡಲೇ ತಿದ್ದಬೇಕು, ಗೊತ್ತಿದ್ದೇ ದಾರಿ ತಪ್ಪಿಸಿದರೆ ರಾಜೀನಾಮೆ ಕೊಡಬೇಕು ಅಂತ ಸಚಿವರ ನೀತಿಸಂಹಿತೆ ಹೇಳುತ್ತದೆ. ಅದಕ್ಕೇ ಅಧಿಕಾರಿಗಳು ಉತ್ತರದ ಒಂದೊಂದು ಪದವನ್ನು ತೂಗಿ ಇಡುವುದು. ಅಂದಹಾಗೆ ಆ ಸಮಿತಿಯ ಅಧ್ಯಕ್ಷೆಯಾಗಿದ್ದವರು ಇವೆಟ್ ಕೂಪರ್. 2024ರಲ್ಲಿ ಅವರೇ ಗೃಹ ಸಚಿವೆಯಾದರು. ಕೇಳುವ ಕುರ್ಚಿಯಿಂದ ಉತ್ತರಿಸುವ ಕುರ್ಚಿಗೆ!

ರಾತ್ರಿಪಾಳಿ · ಬುಧವಾರ, ಬೆಳಿಗ್ಗೆ 8:30

ಸರ್, ಇದನ್ನು ಬಸ್ಸಿನಲ್ಲಿ ಓದುತ್ತಾ ನನ್ನ ಸ್ಟಾಪ್ ದಾಟಿಹೋಯಿತು.

ಹೊಸ ಪ್ರಶ್ನೆ ಬರೆದಿದ್ದೇನೆ, ತಿದ್ದಿಕೊಡಿ. "2022ರಿಂದ ಈವರೆಗೆ ಲೈಸೆನ್ಸ್ ರದ್ದಾದ ಎಲ್ಲಾ ಕೇರ್ ಕಂಪನಿಗಳ ಹೆಸರು, ಪ್ರತಿ ಕಂಪನಿಯಲ್ಲಿದ್ದ ಕೆಲಸಗಾರರ ಸಂಖ್ಯೆ, ಅವರ ದೇಶ, ಅವರಲ್ಲಿ ಕೆಲಸ ಸಿಕ್ಕವರು, ಸಿಗದವರು, ವಾಪಸ್ ಹೋದವರು, ಇವೆಲ್ಲವನ್ನೂ ತಿಂಗಳುವಾರು ಕೊಡುತ್ತೀರಾ?"

ಹಳೇಗುಮಾಸ್ತ · ಬುಧವಾರ, ಮಧ್ಯಾಹ್ನ 1:10

ತಂಗಿ, ಹಸಿವು ಜಾಸ್ತಿಯಾಯಿತು. :) ಇದಕ್ಕೆ ಬರುವ ಉತ್ತರ ನಾನೇ ಬರೆದುಕೊಡಬಲ್ಲೆ: ಮಾಹಿತಿ ಒಟ್ಟುಮಾಡಲು ತಗಲುವ ವೆಚ್ಚ ಅತಿಯಾಗುತ್ತದೆ. ಒಂದು ಲಿಖಿತ ಪ್ರಶ್ನೆಗೆ ಉತ್ತರ ಹುಡುಕಲು 850 ಪೌಂಡ್‌ಗಿಂತ ಜಾಸ್ತಿ ಖರ್ಚಾಗುತ್ತದೆ ಅನ್ನಿಸಿದರೆ ಇಲಾಖೆ ಹಾಗೆ ಹೇಳಿ ಕೈತೊಳೆದುಕೊಳ್ಳಬಹುದು. ಕಡತ ಒಂದೊಂದೇ ಬಿಚ್ಚಿ ನೋಡಬೇಕಾದ ಪ್ರಶ್ನೆ ಅಂದರೆ ಅಲ್ಲಿಗೆ ಮುಗಿಯಿತು.

ಇರುವುದನ್ನು ಹಿಡಿದು ಮುಂದೆ ಹೋಗಿ. ಕೇರ್ ಕ್ಷೇತ್ರದಲ್ಲಿ 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ 470ಕ್ಕೂ ಹೆಚ್ಚು ಲೈಸೆನ್ಸ್ ರದ್ದಾದವು, ಅದಕ್ಕೆ ಸಂಬಂಧಪಟ್ಟ ಕೆಲಸಗಾರರು 39,000ಕ್ಕೂ ಹೆಚ್ಚು ಅಂತ ಸರ್ಕಾರವೇ ಹೇಳಿದೆ. ಅಂದರೆ ಎಣಿಕೆ ಮಾಡುವ ಕೈ ಯಾವುದೋ ಇದೆ. 2025ರ ಏಪ್ರಿಲ್ 9ರಿಂದ ಇಂಗ್ಲೆಂಡಿನಲ್ಲಿ ಇನ್ನೊಂದು ನಿಯಮ ಬಂತು. ಕೇರ್ ಕಂಪನಿ ಹೊರದೇಶದಿಂದ ಕರೆಸುವ ಮೊದಲು, ಇಲ್ಲೇ ಸ್ಪಾನ್ಸರ್ ಕಳೆದುಕೊಂಡು ಕೂತವರನ್ನು ತೆಗೆದುಕೊಳ್ಳಲು ಪ್ರಯತ್ನಿಸಿದ್ದೇವೆ ಅಂತ ತೋರಿಸಬೇಕಿತ್ತು. ಆ ಪ್ರಯತ್ನ ಫಲ ಕೊಟ್ಟಿತಾ ಅನ್ನುವುದೇ ನಿಮ್ಮ ಪ್ರಶ್ನೆ. ಕಂಪನಿ ಹೆಸರು, ದೇಶ, ತಿಂಗಳು ಎಲ್ಲಾ ಬಿಡಿ.

ಮಂಜುಮುಸುಕು · ಬುಧವಾರ, ಸಂಜೆ 5:45

ನಿನ್ನೆ ದೂರದನೋಟ ಅವರಿಗೆ ಒರಟಾಗಿ ಮಾತಾಡಿದೆ, ಸಾರಿ. ಸೆಟ್ಲ್‌ಮೆಂಟ್‌ಗೆ, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿಗೆ, 5 ವರ್ಷ ಇದ್ದದ್ದನ್ನು 10 ಮಾಡುವ ಮಾತು ಬಂದಾಗಿನಿಂದ ತಲೆ ಕೆಟ್ಟಿದೆ. ನನಗೆ ಇನ್ನು 14 ತಿಂಗಳು ಬಾಕಿ ಇತ್ತು. ಮಗಳ ಸ್ಕೂಲು, ಮನೆ ಸಾಲ, ಎಲ್ಲಾ ಆ ದಿನಕ್ಕೆ ಲೆಕ್ಕ ಹಾಕಿ ಇಟ್ಟಿದ್ದೆ.

2025ರ ಸೆಪ್ಟೆಂಬರ್ 8ರಂದು ಅದರ ಬಗ್ಗೆ ಅರ್ಜಿ ಚರ್ಚೆ ಆಯಿತಲ್ಲ, ಪೂರ್ತಿ ಕೂತು ನೋಡಿದೆ. ಲಕ್ಷ ಸಹಿ ದಾಟಿದ ಅರ್ಜಿ. ಎಷ್ಟೊಂದು ಎಂಪಿಗಳು ಎದ್ದು ತಮ್ಮ ಕ್ಷೇತ್ರದವರ ಕಥೆ ಹೇಳಿದರು. ಈಗಾಗಲೇ ಇಲ್ಲಿರುವವರಿಗೂ ಅನ್ವಯಿಸುತ್ತದಾ ಅಂತ ಮತ್ತೆ ಮತ್ತೆ ಕೇಳಿದರು. ಹೌದು ಅಂತಲೂ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ. ನವೆಂಬರ್‌ನಲ್ಲಿ ಪ್ರಸ್ತಾವ ನೋಡಿದರೆ ಕೇರ್ ವರ್ಕರ್‌ಗಳಿಗೆ 15 ವರ್ಷ ಅಂತ ಬರೆದಿದ್ದಾರೆ. ನನಗಿಂತ ರಾತ್ರಿಪಾಳಿ ಅವರಿಗೆ ಕಷ್ಟ. ಅದಕ್ಕೇ ನನಗೆ ಈ ಪ್ರಶ್ನೋತ್ತರದ ಮೇಲೆ ಸಿಟ್ಟು.

ದೂರದನೋಟ · ಬುಧವಾರ, ಸಂಜೆ 6:30

ಪರವಾಗಿಲ್ಲ ಬಿಡಿ ಸರ್. ನನ್ನ ಅಣ್ಣನೂ ಅಲ್ಲೇ ಇದ್ದಾನೆ, ಅದೇ ಲೆಕ್ಕದಲ್ಲಿ.

ಹಳೇಗುಮಾಸ್ತ · ಬುಧವಾರ, ರಾತ್ರಿ 8:00

ಮಂಜುಮುಸುಕು ಅವರೇ, ನಿಮ್ಮ ಎಂಪಿಗೆ ಬರೆದಿದ್ದೀರಾ?

ಮಂಜುಮುಸುಕು · ಬುಧವಾರ, ರಾತ್ರಿ 8:04

ಇಲ್ಲ. ನಮಗೇನು ಓಟು ಇದೆಯಾ, ಅವರು ಯಾಕೆ ಕೇಳುತ್ತಾರೆ?

ಹಳೇಗುಮಾಸ್ತ · ಬುಧವಾರ, ರಾತ್ರಿ 8:20

ಇದೆ! ಇದನ್ನು ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪಾಸ್‌ಪೋರ್ಟ್ ಇದ್ದು, ವೀಸಾ ಮೇಲೆ ಇಲ್ಲಿ ವಾಸವಿರುವ 18 ದಾಟಿದವರು ಪಾರ್ಲಿಮೆಂಟ್ ಚುನಾವಣೆಯಲ್ಲೇ ಓಟು ಹಾಕಬಹುದು. ಪೌರತ್ವ ಬೇಕಿಲ್ಲ. ಪಟ್ಟಿಯಲ್ಲಿ ಹೆಸರು ಸೇರಿಸಬೇಕು ಅಷ್ಟೇ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಓಟು ಇಲ್ಲದವರ ಪತ್ರವನ್ನೂ ಎಂಪಿ ನೋಡುತ್ತಾರೆ, ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು. ಆದರೆ ಪತ್ರದ ಕೆಳಗೆ ವಿಳಾಸ ಬರೆಯಿರಿ, ಇಲ್ಲದಿದ್ದರೆ ಕಚೇರಿಯಲ್ಲಿ ಪಕ್ಕಕ್ಕೆ ಸರಿಸುತ್ತಾರೆ. ನಾನೇ ಸರಿಸಿದ್ದೇನೆ.

ನಿಮ್ಮ ಸ್ವಂತ ಅರ್ಜಿ ಎಲ್ಲಿಗೆ ಬಂತು ಅನ್ನುವುದು ಸದನದ ಪ್ರಶ್ನೆ ಅಲ್ಲ. ಒಬ್ಬೊಬ್ಬರ ಪ್ರಕರಣಕ್ಕೆ ಸದನದಲ್ಲಿ ಉತ್ತರ ಕೊಡುವುದಿಲ್ಲ. ಅದಕ್ಕೆ ಎಂಪಿ ಕಚೇರಿ ನೇರವಾಗಿ ಇಲಾಖೆಗೆ ಬರೆಯುತ್ತದೆ. ಎರಡನ್ನೂ ಬೆರೆಸಬೇಡಿ.

ಸಾಲುಮನೆ · ಬುಧವಾರ, ರಾತ್ರಿ 9:10

ಓಟಿನ ವಿಷಯ ನಿಜ, ಈಗಷ್ಟೇ ಆನ್‌ಲೈನ್‌ನಲ್ಲಿ ಹೆಸರು ಕೊಟ್ಟೆ. ಐದು ನಿಮಿಷ ಆಗಲಿಲ್ಲ.

ಔಷಧಿಡಬ್ಬಿ ಮೇಡಂ, ಅಮ್ಮ ಮುಂದಿನ ತಿಂಗಳು ಬರುತ್ತಿದ್ದಾರೆ. ಮಂಡಿನೋವಿಗೆ ಟ್ರಮಡಾಲ್, ನಿದ್ದೆಗೆ ಇನ್ನೇನೋ ತೆಗೆದುಕೊಳ್ಳುತ್ತಾರೆ. ಡ್ರಗ್ಸ್ ಕಾನೂನು ಅಂದಾಗ ಭಯ ಆಯಿತು.

ಔಷಧಿಡಬ್ಬಿ · ಬುಧವಾರ, ರಾತ್ರಿ 9:40

ಭಯ ಬೇಡ, ಎಚ್ಚರ ಸಾಕು. ಟ್ರಮಡಾಲ್ ಇಲ್ಲಿ ಸಿ ವರ್ಗದ ನಿಯಂತ್ರಿತ ಔಷಧಿ. ನಿದ್ದೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್ ಕೂಡ. ವೈದ್ಯರ ಪತ್ರ ತರಲಿ. ಹೆಸರು, ಎಲ್ಲಿಗೆ ಪ್ರಯಾಣ, ಔಷಧಿ, ಡೋಸ್, ಒಟ್ಟು ಎಷ್ಟು ಅಂತ ಅದರಲ್ಲಿ ಇರಲಿ. ಮಾತ್ರೆ ಅಂಗಡಿಯ ಡಬ್ಬಿಯಲ್ಲೇ ಇರಲಿ, ಪ್ಲಾಸ್ಟಿಕ್ ಕವರಿಗೆ ಸುರಿದು ತರಬೇಡಿ. ಮೂರು ತಿಂಗಳಿಗಿಂತ ಕಡಿಮೆ ಪ್ರಮಾಣ ಇರಲಿ. ಮೂರು ತಿಂಗಳು ಅಥವಾ ಮೇಲಾದರೆ ಲೈಸೆನ್ಸ್ ಬೇಕಾಗುತ್ತದೆ. ಪಕ್ಕದ ಮನೆಯವರಿಗೆ ಅಂತ ಒಂದು ಸ್ಟ್ರಿಪ್ ಹೆಚ್ಚಿಗೆ ತರುವ ಅಭ್ಯಾಸ ಇದ್ದರೆ ಈ ಸಲ ಬಿಡಿ.

ರಾತ್ರಿಪಾಳಿ · ಮುಂದಿನ ವಾರ, ಗುರುವಾರ, ಬೆಳಿಗ್ಗೆ 9:00

ಎಲ್ಲರಿಗೂ ಒಂದು ಸುದ್ದಿ. ಗುಮಾಸ್ತ ಸರ್ ಹೇಳಿದ ಹಾಗೆ ಪ್ರಶ್ನೆ ಸಣ್ಣದು ಮಾಡಿ ಕಳಿಸಿದೆ. ಎಂಪಿ ದಿನ ಗೊತ್ತುಮಾಡಿ ಹಾಕಿದರು. ನಿನ್ನೆ ಕಚೇರಿಯಿಂದ ಮೇಲ್ ಬಂತು. ನಮ್ಮ ಪ್ರಶ್ನೆಯನ್ನು ಆ ಇಲಾಖೆ ಇನ್ನೊಂದು ಇಲಾಖೆಗೆ ವರ್ಗ ಮಾಡಿದೆಯಂತೆ. ಕೆಲಸ ಹುಡುಕಿಕೊಡುವ ಭಾಗ ಅವರದಂತೆ.

ಔಷಧಿಡಬ್ಬಿ · ಗುರುವಾರ, ಬೆಳಿಗ್ಗೆ 9:12

ಅತ್ತೆ ಮನೆ, ತವರು ಮನೆ! ನಮ್ಮ ಸಂಘಕ್ಕೆ ಸ್ವಾಗತ ತಂಗಿ.

ಹಳೇಗುಮಾಸ್ತ · ಗುರುವಾರ, ಬೆಳಿಗ್ಗೆ 10:30

ನಿರೀಕ್ಷಿಸಬೇಕಿತ್ತು, ನನ್ನದೇ ತಪ್ಪು. ಲೈಸೆನ್ಸ್, ವೀಸಾ ಒಂದು ಇಲಾಖೆ. ಹೊಸ ಕೆಲಸಕ್ಕೆ ಹೊಂದಿಸುವುದು, ಅದರ ದುಡ್ಡು ಇನ್ನೊಂದು ಇಲಾಖೆ. ಒಂದೇ ವಾಕ್ಯದಲ್ಲಿ ಎರಡನ್ನೂ ಕಟ್ಟಿದ್ದೆವು. ಕತ್ತರಿಸಿ. ಯಾರ ಬಾಗಿಲಿಗೆ ಯಾವುದು ಹೋಗಬೇಕೋ ಅದನ್ನು ಮಾತ್ರ ಕಳಿಸಿ. ಎರಡೂ ಒಂದೇ ದಿನ ಹಾಕಿಸಿ, ಪಕ್ಕಪಕ್ಕದಲ್ಲಿ ಇಟ್ಟು ಓದುವ ಹಾಗೆ.

ಮಂಜುಮುಸುಕು · ಗುರುವಾರ, ಮಧ್ಯಾಹ್ನ 12:15

ನಾನೂ ನಮ್ಮ ಎಂಪಿಗೆ ಬರೆದೆ. ವಿಳಾಸ ಹಾಕಿದ್ದೇನೆ. :) ರಾತ್ರಿಪಾಳಿ ಅವರ ಪ್ರಶ್ನೆ ಅಂತಿಮ ಆದ ಮೇಲೆ ಇಲ್ಲಿ ಹಾಕಿ, ಅದನ್ನೂ ಸೇರಿಸಿ ಕಳಿಸುತ್ತೇನೆ. ಎರಡು ಕ್ಷೇತ್ರದಿಂದ ಹೋಗಲಿ.

ರಾತ್ರಿಪಾಳಿ · ಗುರುವಾರ, ಸಂಜೆ 4:50

ಪಾಳಿಗೆ ಹೊರಡುವ ಮೊದಲು ಬರೆದು ಮುಗಿಸಿದೆ. ಇಷ್ಟು ಸಾಕಾ ನೋಡಿ.

ಗೃಹ ಇಲಾಖೆಗೆ: ಕೇರ್ ಕಂಪನಿಯ ಲೈಸೆನ್ಸ್ ರದ್ದಾದ ಮೇಲೆ, ವೀಸಾ ಮೊಟಕು ಮಾಡುವ ಪತ್ರ ಕೆಲಸಗಾರರ ಕೈ ಸೇರುವ ಮೊದಲೇ ಎಷ್ಟು ಜನ ಹೊಸ ಸ್ಪಾನ್ಸರ್‌ಗೆ ಬದಲಾಗಿದ್ದಾರೆ ಅನ್ನುವ ಮಾಹಿತಿಯನ್ನು ಇಲಾಖೆ ದಾಖಲಿಸುತ್ತದೆಯೇ?

ಆರೋಗ್ಯ ಇಲಾಖೆಗೆ: 2025ರ ಏಪ್ರಿಲ್ 9ರ ನಂತರ, ಸ್ಪಾನ್ಸರ್ ಕಳೆದುಕೊಂಡವರಲ್ಲಿ ಎಷ್ಟು ಜನ ನೆರವು ಕೇಳಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ?

ಹಳೇಗುಮಾಸ್ತ · ಗುರುವಾರ, ಸಂಜೆ 5:05

ಮೊದಲನೆಯದರಲ್ಲಿ "ದಾಖಲಿಸುತ್ತದೆಯೇ" ಅಂತ ನಿಲ್ಲಿಸಿದ್ದು ಭೇಷ್. ಸಂಖ್ಯೆ ಆಮೇಲೆ ಕೇಳೋಣ. ಕಳಿಸಿ.